ಬಾಯಿ ಬಿಡದ ನರ್ಸಮ್ಮ

“ಹುಡುಗಿಗೆ ಕ್ಷಯ ಇತ್ತೋ ಇಲ್ಲೋ, ಅಷ್ಟು ಹೇಳವ್ವಾ. ನಾವು ಸೀರಿ ಅಂಗಡಿಗೆ ಹೋಗಬೇಕು,” ಎಂದು ಸಿರುಗುಪ್ಪದ ಹಂಪಮ್ಮ ಬಳ್ಳಾರಿಯ ಆಸ್ಪತ್ರೆಯೊಂದರ ಹೆಂಗಸರ ವಾರ್ಡಿನ ಬಾಗಿಲಲ್ಲೇ ನರ್ಸ್ ಪಾರಮ್ಮನನ್ನು ತಡೆದು ನಿಲ್ಲಿಸಿದಳು. ಅವಳ ಹಿಂದೆ, ಬೀಗನಾಗಬೇಕಿದ್ದ ಕುರುಗೋಡಿನ ಜಡೆಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಅವನ ಮಗಳು ಹುಲುಗಮ್ಮ ಹೊರಗೆ ಜಟಕಾದಲ್ಲಿ ಕೂತಿದ್ದಳು. ಮದುವೆ ಸೀರೆ ಕೊಳ್ಳಲು ಹೊರಟವರು ದಾರಿಯಲ್ಲಿ ಇಲ್ಲಿ ಇಳಿದದ್ದು ಹಂಪಮ್ಮನ ಹಟಕ್ಕೆ. ಸೊಸೆ ತರುವುದಕ್ಕೂ ಎತ್ತು ತರುವುದಕ್ಕೂ ಆ ಹೆಂಗಸಿಗೆ ಅಂಥ ವ್ಯತ್ಯಾಸವೇನೂ ಇರಲಿಲ್ಲ. ಎರಡಕ್ಕೂ ಬಾಯಿ ತೆರೆಸಿ ಹಲ್ಲು ನೋಡಬೇಕು.

ಹೋದ ವರ್ಷ ಹುಲುಗಮ್ಮ ಇದೇ ವಾರ್ಡಿನಲ್ಲಿ ಮಲಗಿದ್ದು ನಿಜ. ಅವಳಿಗೆ ಬಂದದ್ದು ಟೈಫಾಯ್ಡು, ಬಂತು, ಹೋಯಿತು. ಆದರೆ ಮೈ ಇಳಿದು, ಕೂದಲು ಉದುರಿ ಊರಿಗೆ ಮರಳಿದವಳನ್ನು ಕಂಡು ಕುರುಗೋಡಿನ ಜನ ಅದಕ್ಕೆ ಕ್ಷಯವೆಂದು ಹೆಸರಿಟ್ಟರು. ಆ ಸುದ್ದಿ ಸಿರುಗುಪ್ಪಕ್ಕೂ ಹೋಗಿ ಮುಟ್ಟಿತು. ಜಡೆಪ್ಪ ಆಣೆ ಮಾಡಿದರೂ ಹಂಪಮ್ಮ ನಂಬಲಿಲ್ಲ. ಪಾರಮ್ಮನ ಒಂದು ಮಾತು ಸಾಕಿತ್ತು, ಮದುವೆ ಉಳಿಯುತ್ತಿತ್ತು.

“ಹೇಳಾಕ ಬರಂಗಿಲ್ಲರಿ,” ಎಂದಳು ಪಾರಮ್ಮ.

“ಯಾಕ ಬರಂಗಿಲ್ಲ? ಆಕೀನ ನೋಡಿಕೊಂಡಾಕಿ ನೀನ ಅಲ್ಲೇನು?”

“ಅದಕ್ಕ ಬರಂಗಿಲ್ಲ. ರೋಗಿ ಸುದ್ದಿ ಹೊರಗ ಬಿಟ್ರ ನರ್ಸುಗಳ ರಿಜಿಸ್ಟರಿನಾಗಿಂದ ನನ್ನ ಹೆಸರು ಹೊಡದು ಹಾಕ್ತಾರ. ಕೋರ್ಟಿನಾಗ ಜಡ್ಜ್ ಸಾಹೇಬ್ರು ಕೇಳಿದ್ರ ಹೇಳ್ತೀನಿ. ನೀವು ಜಡ್ಜ್ ಸಾಹೇಬ್ರೇನ್ರಿ?”

ತಾನು ಜಡ್ಜ್ ಸಾಹೇಬರಿಗಿಂತ ಒಂದು ತೂಕ ಕಡಿಮೆ ಎಂದು ಹಂಪಮ್ಮನಿಗೆ ಎಂದೂ ಅನ್ನಿಸಿರಲಿಲ್ಲ. ಮುಖ ಊದಿಸಿಕೊಂಡಳು.

ಜಡೆಪ್ಪ ಮುಂದೆ ಬಂದ. “ತಾಯಿ, ಕೆಟ್ಟದ್ದು ಮುಚ್ಚಿಡಾಕ ಕಾನೂನು ಇರಲಿ. ಒಳ್ಳೇದು ಹೇಳಾಕ ಏನು ಅಡ್ಡಿ? ನಿಮ್ಮ ಕಾಲಿಗೆ ಬೀಳ್ತೀನಿ.”

ಆ ಹುಡುಗಿಗೆ ಚಮಚದಲ್ಲಿ ಗಂಜಿ ಕುಡಿಸಿದವಳು, ಉದುರಿದ ಕೂದಲಿಗೆ ಅಳುತ್ತಿದ್ದಾಗ ಗದರಿಸಿ ನಗಿಸಿದವಳು ಪಾರಮ್ಮನೇ. ಆದರೂ ಮಾತು ಸಡಿಲಿಸಲಿಲ್ಲ.

“ಇವತ್ತು ನಿಮ್ಮ ಮಗಳಿಗೆ ಏನೂ ಇಲ್ಲ ಅಂದೆ ಅಂತ ಇಟ್ಕೊಳ್ರಿ. ನಾಳೆ ಇನ್ನೊಬ್ಬರ ಮಗಳ ಸುದ್ದಿ ಕೇಳಾಕ ಬರ್ತಾರ. ಆಗ ನಾನು ಸುಮ್ನ ನಿಂತ್ರ, ಆಕಿಗೆ ರೋಗ ಐತಿ ಅಂತ ಡಂಗುರ ಹೊಡದಂಗ ಆಗಂಗಿಲ್ಲೇನು?”

ಪಕ್ಕದ ವಾರ್ಡಿನಲ್ಲಿ ನಿಜವಾಗಿಯೂ ಕ್ಷಯದಿಂದ ಮಲಗಿದ್ದ ಹುಡುಗಿಯರಿದ್ದರು. ಅವರಿಗೂ ತಂದೆಯರಿದ್ದರು. ಜಡೆಪ್ಪನಿಗೆ ಅದು ಅರ್ಥವಾಯಿತೋ ಏನೋ, ತಲೆ ತಗ್ಗಿಸಿದ.

“ಹಂಗಾದ್ರ ಯಾರು ಹೇಳಬೇಕು?” ಹಂಪಮ್ಮ ಸಿಡುಕಿದಳು.

“ಹುಲುಗಮ್ಮ. ಸುದ್ದಿ ಆಕಿದು. ಆಕಿ ‘ಹೇಳ್ರಿ’ ಅಂದ್ರ ನಿಂತ ಕಾಲ ಮ್ಯಾಲೆ ಹೇಳ್ತೀನಿ.”

ಇಷ್ಟು ಸುಲಭದ ದಾರಿ ಇಬ್ಬರು ಹಿರಿಯರಿಗೂ ಹೊಳೆದಿರಲಿಲ್ಲ. ಮದುವೆಯ ವಿಷಯದಲ್ಲಿ ಹುಡುಗಿಯನ್ನು ಒಂದು ಮಾತು ಕೇಳಬಹುದೆಂದು ಯಾರಿಗೆ ತಾನೇ ಹೊಳೆಯುತ್ತದೆ! ಜಡೆಪ್ಪ ಓಡಿಹೋಗಿ ಮಗಳನ್ನು ಕರೆತಂದ. ಹುಲುಗಮ್ಮ ಸೆರಗು ಹೊದ್ದು, ನಡೆದದ್ದನ್ನೆಲ್ಲ ಕೇಳಿಸಿಕೊಂಡಳು.

“ಹೇಳ್ಲೇನವಾ? ನಿನ್ನ ಒಪ್ಪಿಗಿ ಇದ್ರಷ್ಟ,” ಎಂದಳು ಪಾರಮ್ಮ. ‘ಹೂಂ ಅನ್ನು ಮಗಳೇ’ ಎಂದು ಅವಳ ಕಣ್ಣುಗಳೇ ಬೇಡುತ್ತಿದ್ದವು.

“ಬ್ಯಾಡ್ರಿ ಅಕ್ಕಾರ.”

“ಹುಚ್ಚು ಹಿಡೀತೇನಲೇ ನಿನಗ!” ಜಡೆಪ್ಪ ಹಣೆ ಬಡಿದುಕೊಂಡ.

ಹಂಪಮ್ಮನಿಗೆ ಇಷ್ಟೇ ಬೇಕಾಗಿತ್ತು. “ನೋಡಿದ್ರೇನು? ಒಳಗ ಏನೋ ಐತಿ, ಅದಕ್ಕ ಬ್ಯಾಡಂತಾಳ.”

ಹುಲುಗಮ್ಮ ಅಳಲಿಲ್ಲ, ಸಿಟ್ಟಾಗಲೂ ಇಲ್ಲ. ಮೊದಲ ಸಲ ತಲೆಯೆತ್ತಿ ಹಂಪಮ್ಮನ ಮುಖವನ್ನೇ ನೋಡಿದಳು.

“ಏನೂ ಇಲ್ಲಂದ್ರ ಮನಿ ತುಂಬಿಸ್ಕೊಳ್ತೀರಿ ಅತ್ತಿ. ನಿಮ್ಮ ಮನಿಗೆ ಬಂದ ಮ್ಯಾಲೆ ಏನಾರ ಬ್ಯಾನಿ ಬಂದ್ರ, ನನ್ನ ಎಲ್ಲಿಗೆ ಕಳಸ್ತೀರಿ?”