ತಿನ್ನಬಹುದು

"ಓರೆ ಮಾಡ್ಬೇಡಿ, ಎಣ್ಣೆ ಚೆಲ್ತದೆ," ಎನ್ನುತ್ತಾ ಶ್ಯಾಮಲಮ್ಮ ಆಲೂಗಡ್ಡೆ ಹರಡಿದ ದೊಡ್ಡ ಟ್ರೇಯನ್ನು ಗಂಡನ ಕೈಗಿಟ್ಟಳು. ವೆಂಕಟರಾಯಪ್ಪ ಬೀದಿಯ ಎರಡೂ ಕಡೆ ನೋಡಿದ. ಲಕ್ಕೂರಿನಲ್ಲಿ ಗಂಡಸೊಬ್ಬ ಅಡುಗೆ ಹೊತ್ತುಕೊಂಡು ಹೊರಟರೆ ಆ ಸುದ್ದಿ ಅವನಿಗಿಂತ ಮೊದಲೇ ಬಸ್ ಹತ್ತಿ ಮಾಲೂರು ಸೇರಿರುತ್ತದೆ. ಆದರೂ ಹೋಗದೆ ವಿಧಿಯಿರಲಿಲ್ಲ. ಮಗಳು ಫೋನಿಗೆ ಕಳಿಸಿದ ವಿಡಿಯೋದ ಅಡುಗೆಗೆ ಓವನ್ ಬೇಕು, ಊರಿಗೆಲ್ಲ ಇರುವ ಓವನ್ ಒಂದೇ, ಅದು ಬಸ್ ಸ್ಟ್ಯಾಂಡಿನ ಹತ್ತಿರ ಕಾಂತರಾಜನ ಬೇಕರಿಯಲ್ಲಿ.

ಸ್ತ್ರೀಶಕ್ತಿ ಸಂಘದ ಹೆಂಗಸರು ಅವತ್ತು ಸಾಯಂಕಾಲ ಶ್ಯಾಮಲಮ್ಮನ ಮನೆಗೆ ಬರುವವರಿದ್ದರು. ದೊಡ್ಡಗಂಗಮ್ಮ ಎಂದರೆ ನಿಪ್ಪಟ್ಟು, ಆದಿಲಕ್ಷ್ಮಿ ಎಂದರೆ ಕಜ್ಜಾಯ, ಹೀಗೆ ಸಂಘದ ಒಬ್ಬೊಬ್ಬಳ ಹೆಸರಿಗೂ ಒಂದೊಂದು ತಿಂಡಿ ಅಂಟಿಕೊಂಡಿತ್ತು. ಶ್ಯಾಮಲಮ್ಮನ ಹೆಸರಿಗೆ ಏನೂ ಇರಲಿಲ್ಲ. ಇವತ್ತಾದರೂ ಒಂದು ಅಂಟಿಕೊಳ್ಳಲಿ ಎಂಬುದು ಅವಳ ಆಸೆ. ಮನೆಯಲ್ಲಂತೂ ಆ ಭಾಗ್ಯ ಸಿಗುವ ಹಾಗಿರಲಿಲ್ಲ. ಮದುವೆಯಾದಂದಿನಿಂದ ಅವಳ ಅಡುಗೆಗೆ ಗಂಡನ ಬಾಯಿಂದ ಬಂದ ಅತಿ ದೊಡ್ಡ ಬಿರುದು "ತಿನ್ಬೋದು" ಅಷ್ಟೇ. ಹೆಂಡತಿಯನ್ನು ಹೊಗಳಿದರೆ ನಾಳೆಯ ಸಾರು ಕೆಡುತ್ತದೆ ಎಂದು ವೆಂಕಟರಾಯಪ್ಪನ ಅಪ್ಪ ನಂಬಿದ್ದ. ಆಸ್ತಿಯ ಜೊತೆಗೆ ಆ ನಂಬಿಕೆಯೂ ಮಗನ ಪಾಲಿಗೆ ಬಂದಿತ್ತು.

ಮಧ್ಯಾಹ್ನದಿಂದ ಅವನು ಅವಳನ್ನು ರೇಗಿಸಿದ್ದೇ ರೇಗಿಸಿದ್ದು. ಅವಳು ಹೋಳುಗಳನ್ನು ಅರೆಬರೆ ಬೇಯಿಸಿ, ನೀರು ಬಸಿದು, ಪಾತ್ರೆಗೆ ಮುಚ್ಚಳ ಹಾಕಿ ಜೋರಾಗಿ ಕುಲುಕಿದ್ದಳು. ಹಾಗೆ ಕುಲುಕಿದರೆ ಅಂಚೆಲ್ಲ ಒರಟಾಗಿ, ಆ ಒರಟೇ ಆಮೇಲೆ ಗರಿಗರಿಯಾಗುತ್ತದಂತೆ. ಮೇಲೆ ಕಡಲೆಕಾಯಿ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಮೆಣಸಿನ ಪುಡಿ, ಹಿತ್ತಲಿನ ದೊಡ್ಡಪತ್ರೆ, ಪುದೀನ. "ನಮ್ ಹೊಲದ ಗೆಡ್ಡೆಗೆ ಇಷ್ಟು ಜೋರಾಗಿ ಸೀಮಂತ ಯಾರೂ ಮಾಡಿರ್ಲಿಲ್ಲ ಕಣೇ," ಎಂದಿದ್ದ ವೆಂಕಟರಾಯಪ್ಪ. ಅವಳು ಇನ್ನಷ್ಟು ಪುದೀನ ಉದುರಿಸಿದ್ದಳು.

ಬೇಕರಿಯಲ್ಲಿ ಟ್ರೇ ನೋಡಿ ಕಾಂತರಾಜ ನಕ್ಕ. ಹಿಂದೆಲ್ಲ ಊರವರು ಬಿಸ್ಕತ್ತಿನ ಹಿಟ್ಟು ಕಲಸಿ ತಂದು ಬೇಯಿಸಿಕೊಂಡು ಹೋಗುತ್ತಿದ್ದರಂತೆ, ಆಲೂಗಡ್ಡೆ ತಂದವನು ಇವನೇ ಮೊದಲಂತೆ. ಬನ್ನು ತೆಗೆದ ಬಿಸಿ ಓವನ್ನಿಗೆ ಟ್ರೇಯನ್ನು ತಳ್ಳಿದ, ನಡುವೆ ಒಮ್ಮೆ ಹೊರಗೆಳೆದು ಹೋಳುಗಳನ್ನು ಮಗುಚಿ ಹಾಕಿದ. ಸ್ವಲ್ಪ ಹೊತ್ತಿಗೆ ಬೆಳ್ಳುಳ್ಳಿಯ ಘಮ ರಸ್ತೆಗೆ ಬಂತು. ಟೀ ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡೇ ಇತ್ತ ತಿರುಗಿದರು. ಹೋಳುಗಳೆಲ್ಲ ಹೊಂಬಣ್ಣಕ್ಕೆ ತಿರುಗಿ ಚುರುಗುಟ್ಟುತ್ತಿದ್ದ ಟ್ರೇ ಹೊರಬಂದಾಗ ವೆಂಕಟರಾಯಪ್ಪನ ಬಾಯಲ್ಲಿ ನೀರೂರಿತು.

ದಾರಿಯಲ್ಲಿ ಒಂದು ತಿಂದ, ಬೆಂದಿದೆಯೋ ಇಲ್ಲವೋ ನೋಡಬೇಕಲ್ಲ. ಹೊರಗೆ ಕರುಮ್ಮೆಂದು ಮುರಿದದ್ದು ಒಳಗೆ ಬೆಣ್ಣೆಯಾಗಿತ್ತು. ಎರಡನೆಯದನ್ನು ಉಪ್ಪು ನೋಡಲು ತಿಂದ. ಮೂರನೆಯದಕ್ಕೆ ಕಾರಣ ಹುಡುಕುವ ಗೋಜಿಗೆ ಹೋಗಲಿಲ್ಲ. ಮೋರಿ ಕಟ್ಟೆಯ ಮೇಲೆ ಕೂತಿದ್ದ ಮುನಿಯಲ್ಲಪ್ಪ ಅದೇನೆಂದು ಕೇಳಿದಾಗ, ನಮ್ಮವಳು ಮಾಡಿದ್ದು, ತಿಂದು ನೋಡು ಎಂದು ಟ್ರೇಯನ್ನು ಮುಂದೆ ಹಿಡಿದು ತಾನೂ ಪಕ್ಕದಲ್ಲಿ ಕೂತ. ಇಬ್ಬರೂ ಒಂದೊಂದಾಗಿ ತೆಗೆದು ತಿನ್ನತೊಡಗಿದರು. ಬಾಯಿಗೆ ಬಿಡುವಿರಲಿಲ್ಲ. ಬೆರಳಿಗೆ ಬರೀ ಟ್ರೇಯ ತಳ ತಾಗಿದಾಗ ವೆಂಕಟರಾಯಪ್ಪನಿಗೆ ಎಚ್ಚರವಾಯಿತು. ಸೀದ ಸೊಪ್ಪಿನ ಚೂರುಗಳ ನಡುವೆ ಒಂದು ಹೋಳೂ ಉಳಿದಿರಲಿಲ್ಲ.

ಮನೆಯಲ್ಲಿ ಹೆಂಗಸರು ಚಾಪೆಯ ಮೇಲೆ ಸಾಲಾಗಿ ಕೂತಿದ್ದರು. ಮುಂದೆ ತೊಳೆದ ಸ್ಟೀಲ್ ತಟ್ಟೆಗಳಿದ್ದವು. ಎಲ್ಲರ ಕಣ್ಣೂ ಖಾಲಿ ಟ್ರೇಯ ಮೇಲೆ ಬಿತ್ತು.

"ನಾಯಿ ಅಡ್ಡ ಬಂತು," ಎಂದ ವೆಂಕಟರಾಯಪ್ಪ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು. "ಮೋರಿ ಹತ್ರ ಎಲ್ಲಾ ಚೆಲ್ಲೋಯ್ತು."

ಶ್ಯಾಮಲಮ್ಮ ರೇಗಲಿಲ್ಲ. ಅವನನ್ನು ತಲೆಯಿಂದ ಕಾಲಿನವರೆಗೂ ನೋಡಿದಳು. "ಹೋಗ್ಲಿ ಬಿಡಿ. ನಿಮಗೇನೂ ಏಟಾಗ್ಲಿಲ್ವಲ್ಲ?" ಎಂದು ಕಡ್ಲೆಪುರಿ ಡಬ್ಬ ತರಲು ಒಳಗೆ ತಿರುಗಿದಳು.

ಅವಳು ಬೈದಿದ್ದರೆ ಅವನು ಬಚಾವಾಗುತ್ತಿದ್ದ. ಈ ಮಾತಿಗೆ ಹೊಟ್ಟೆಯಲ್ಲಿದ್ದ ಆಲೂಗಡ್ಡೆಯೆಲ್ಲ ಒಟ್ಟಿಗೇ ಭಾರವಾಯಿತು.

"ನಾಯೂ ಇಲ್ಲ ಏನೂ ಇಲ್ಲ ಕಣೇ. ನಾನೇ ತಿಂದ್ಬಿಟ್ಟೆ. ಮುನಿಯಲ್ಲಪ್ಪಂಗೂ ಕೊಟ್ಟೆ. ನಿಲ್ಸಕ್ಕೇ ಆಗ್ಲಿಲ್ಲ," ಎಂದ. ನೆಲ ನೋಡುತ್ತಾ, "ಬೋ ಚೆನ್ನಾಗಿತ್ತು," ಎಂದ.

ಶ್ಯಾಮಲಮ್ಮ ಬಾಗಿಲಲ್ಲೇ ನಿಂತಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಆದರೂ ನಗು ತಡೆಯಲಿಲ್ಲ. ಮೈಯೆಲ್ಲ ಕುಲುಕುವಷ್ಟು ನಕ್ಕಳು, ಕಣ್ಣಲ್ಲಿ ನೀರು ಬಂತು, ಅವಳಿಗೆ ಅಷ್ಟು ಸಂತೋಷವಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಗೊಣಗುತ್ತಿದ್ದ ಹೆಂಗಸರೂ ಅವಳನ್ನು ನೋಡಿ ನಗತೊಡಗಿದರು. ಮುಂದಿನ ವಾರವೂ ಸಭೆ ಇಲ್ಲೇ, ಟ್ರೇ ತರಲು ಮಾತ್ರ ಬೇರೆ ಯಾರಾದರೂ ಹೋಗಲಿ ಎಂದು ಅಲ್ಲೇ ತೀರ್ಮಾನವಾಯಿತು.

ನಿಪ್ಪಟ್ಟಿನ ದೊಡ್ಡಗಂಗಮ್ಮ ಮಾತ್ರ ನಗಲಿಲ್ಲ. ಸೊಂಟದಿಂದ ಫೋನ್ ತೆಗೆದು ನಂಬರ್ ಒತ್ತಿ, ಎದ್ದು ಬಂದು ವೆಂಕಟರಾಯಪ್ಪನ ಬಾಯಿಯ ಹತ್ತಿರ ಹಿಡಿದಳು.

"ಅಣ್ಣ, ಆ ಕೊನೇ ಮಾತು ಇನ್ನೊಂದ್ ಸಲ ಹೇಳು. ನಮ್ಮನೇವ್ರು ಲೈನಲ್ಲವ್ರೆ. ಗಂಡಸ್ರ ಬಾಯಲ್ಲಿ ಈ ಮಾತು ಬರ್ತದೆ ಅಂದ್ರೆ ಅವ್ರು ನಂಬಲ್ಲ."