ತಿಪ್ಪವ್ವ ಹೆಣೆದ ಉಡದಾರ

“ಕಾಕಾ, ಉಡದಾರ ತಗೀಬೇಕ್ರಿ,” ಎಂದು ಸಬೀನಾ ಸಿಸ್ಟರ್ ಕತ್ತರಿ ಹಿಡಿದು ಬಂದದ್ದೇ ತಡ, ಯಂಕಪ್ಪ ಎರಡೂ ಕೈಯಿಂದ ತನ್ನ ನಡು ಹಿಡಿದುಕೊಂಡ. ಸಿಂಗಟಾಲೂರಿನಿಂದ ಗದಗಿಗೆ ಬರುವ ದಾರಿಯುದ್ದಕ್ಕೂ “ಹರ್ನಿಯಾ ಅಂದ್ರ ಏನ್ ಮಹಾ, ಕೊಯ್ದರ ಕೊಯ್ಯಲಿ ಬಿಡಬೇ” ಎಂದು ಮಗಳಿಗೇ ಧೈರ್ಯ ಹೇಳುತ್ತ ಬಂದವನು ಈಗ ಒಂದು ಗೇಣುದ್ದದ ಕತ್ತರಿ ಕಂಡು ಬೆವತುಬಿಟ್ಟಿದ್ದ.

“ಉಡದಾರ ಹರಿಯೂದು ಹೆಣದ ಮೈಮ್ಯಾಲಿಂದ, ತಂಗಿ. ನಾ ಇನ್ನೂ ಅದೀನಿ.”

“ಆಪರೇಶನ್ ಕೋಣ್ಯಾಗ ಮೈಮ್ಯಾಲ ಒಂದ ದಾರ ಸೈತ ಇರಬಾರದ್ರಿ. ಆಮ್ಯಾಲ ಹೊಸಾದು ಕಟ್ಕೊಳ್ರಿ, ಪ್ಯಾಟ್ಯಾಗ ಬೇಕಾದಂಥಾವು ಸಿಗತಾವು.”

“ಇಂಥಾದು ಸಿಗೂದಿಲ್ಲ.”

ಮಗಳು ವನಿತಾ ಅಪ್ಪನ ಕೈ ಸರಿಸಿ ನೋಡಿದಳು. ಇಷ್ಟು ದಿನ ಕರಿದಾರ ಅಂದುಕೊಂಡದ್ದು ದಾರವೇ ಆಗಿರಲಿಲ್ಲ. ಕೂದಲು! ಎಳೆ ಎಳೆಯಾಗಿ ಹೆಣೆದ, ಎಣ್ಣೆ ಕುಡಿದು ಮಿರುಗುವ ಕಪ್ಪು ಕೂದಲು. ಕೂದಲೆಂದರೆ ಮೊದಲು ಮಾಟ ನೆನಪಾಗುವ ಊರಿನವಳು ಅವಳು, ಚಾಚಿದ ಕೈ ಹಿಂದಕ್ಕೆಳೆದುಕೊಂಡಳು.

“ಯಾರ ಕೂದಲಪ್ಪಾ ಇವು?”

ಯಂಕಪ್ಪ ನಾಚಿಕೊಂಡ. ನರೆತ ಮೀಸೆಯ ಕೆಳಗಿನ ನಾಚಿಕೆ ನೋಡಲು ಬಲು ಚೆಂದವಿತ್ತು.

“ನಿಮ್ಮವ್ವನವು. ಬಾಚಿದಾಗ ಬಿದ್ದವನ್ನೆಲ್ಲ ಗ್ವಾಡಿ ಸಂದ್ಯಾಗ ತುರುಕಿ ಇಡತಿದ್ಲಲ್ಲ, ನಿನ್ನ ಮದುವ್ಯಾಗ ಜಡಿಗೆ ಚೌರಿ ಮಾಡಿ ಹಾಕಬೇಕಂತ. ನೀ ಚುಚ್ಚತಾವು ಒಲ್ಲೆ ಅಂದಿ, ಪ್ಯಾಟಿ ಚೌರಿ ತರಿಸಿದಿ. ಆಕಿ ಮತ್ತ ಸಂದ್ಯಾಗ ತುರುಕಿಟ್ಲು. ನೀ ಗಂಡನ ಮನಿ ಸೇರಿದ ಮ್ಯಾಲ ಒಂದಿನ ಹೊಳಿ ದಂಡಿಗೆ ಕುಂತು ಇದನ್ನ ಹೆಣದ್ಲು. ನನ್ನ ನಡಕ್ಕ ಕಟ್ಟಿ, ‘ಬಿಗಿ ಆತೇನ್ರಿ?’ ಅಂದ್ಲು.”

“ನಿನಗ ಚುಚ್ಚೂದಿಲ್ಲೇನು?”

“ಚುಚ್ಚತಿತ್ತು. ಹೊಲದಾಗ ಬಗ್ಗಿದ್ರ ಚುಚ್ಚತಿತ್ತು, ಮಗ್ಗಲ ಬದಲಿಸಿದ್ರ ಚುಚ್ಚತಿತ್ತು. ಆಕಿ ಸತ್ತ ಮ್ಯಾಲೂ ಚುಚ್ಚತಿತ್ತು. ಅದಾಳ ಬಿಡು ಅಂತಿದ್ದೆ.” ಯಂಕಪ್ಪನ ದನಿ ಇಳಿಯಿತು. “ಈಗೀಗ ಚುಚ್ಚವಲ್ಲದು. ನನ್ನ ಮ್ಯಾಲ ಸಿಟ್ಟಾಗ್ಯಾಳೋ ಏನೋ. ಇದನ್ನೂ ಹರದ್ರ ಹೋಗೇಬಿಡತಾಳಬೇ.”

ಸಬೀನಾ ಕತ್ತರಿಯನ್ನು ಮೆಲ್ಲಗೆ ಜೇಬಿಗೆ ಇಳಿಸಿದಳು. “ಹರಿಯೂದು ಬ್ಯಾಡ್ರಿ. ಗಂಟು ಬಿಚ್ಚೂಣು.”

“ಆಕಿ ಹಾಕಿದ ಗಂಟು ಐತಿ. ಒಂದಿನಾನೂ ನಾ ಬಿಚ್ಚಿಲ್ಲ.”

ಒಳಗಿನಿಂದ ಡಾಕ್ಟರು ಕೂಗಿದರು. ವನಿತಾ ಗಂಟಿನ ಕೆಳಗೆ ಬೆರಳು ತೂರಿಸಿದಳು. ಬೆರಳೇನು, ಅಂಗೈಯೇ ಹೋಯಿತು, ಅಪ್ಪ ಅಷ್ಟು ಸೊರಗಿದ್ದ. ಹಾಗೇ ಕೆಳಕ್ಕೆ ಎಳೆದಳು. ಉಡದಾರ ಟೊಂಕದ ಎಲುಬು ದಾಟಿ, ಮೊಣಕಾಲು ದಾಟಿ, ಗಂಟಿನ ಸಮೇತ ಅವಳ ಕೈಗೆ ಬಂತು. ಗಂಡನ ಮನೆಯಿಂದ ದಿನವೂ ಅವಳು ಕಳಿಸುತ್ತಿದ್ದ ಬುತ್ತಿಯ ಡಬ್ಬಿ ತೊಳೆದು ಸ್ವಚ್ಛವಾಗಿ ವಾಪಸು ಬರುತ್ತಿತ್ತು. “ಉಂಡ್ಯೇನಪ್ಪಾ?” ಎಂದರೆ “ಹೊಟ್ಟಿ ತುಂಬ” ಅನ್ನುತ್ತಿದ್ದ. ಆ ರೊಟ್ಟಿಗಳೆಲ್ಲ ಓಣಿಯ ಯಾವ ನಾಯಿಯ ಪಾಲಾದವೋ! ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಬೈಯಬೇಕೆನ್ನುವಷ್ಟರಲ್ಲಿ ಅಪ್ಪನನ್ನು ಒಳಗೆ ತಳ್ಳಿಕೊಂಡು ಹೋದರು.

ಹೊರಗಿನ ಬೆಂಚಿನಲ್ಲಿ ಕುಳಿತು ವನಿತಾ ಉಡದಾರವನ್ನು ಮುಂಗೈಗೆ ಸುತ್ತಿಕೊಂಡಳು. ಚುಚ್ಚಿತು. ಮೂಗಿಗೆ ಹಿಡಿದಳು, ಅಪ್ಪನ ಬೆವರಿನ ಒಳಗೆಲ್ಲೋ ಅವ್ವನ ಹರಳೆಣ್ಣೆಯ ವಾಸನೆ. ಕಿಟಕಿಯಾಚೆ ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ಯಾವ ಅವಸರವೂ ಇಲ್ಲದೆ ತಿರುಗುತ್ತಿದ್ದವು. ನೋಡುತ್ತ ನೋಡುತ್ತ ಅವಳ ಕಣ್ಣು ಎಳೆದವು. ಅವ್ವ ಹೊಳೆದಂಡೆಯ ಕಲ್ಲಿನ ಮೇಲೆ ಕೂತು ತಲೆ ಬಾಚುತ್ತಿದ್ದಳು. ಕೂದಲು ಬೆನ್ನಿಳಿದು, ಮೆಟ್ಟಿಲಿಳಿದು, ನೀರಿಗಿಳಿದು, ತುಂಗಭದ್ರೆಯ ಅಗಲಕ್ಕೂ ತೇಲುತ್ತ ಹೋಗಿತ್ತು. ಆಚೆ ದಂಡೆಯಲ್ಲಿ ಅಪ್ಪ, ಅದರ ತುದಿಯನ್ನು ನಡುವಿಗೆ ಕಟ್ಟಿಕೊಂಡು ನಿಂತಿದ್ದ. ಅವ್ವ ಎಳೆಯುತ್ತಿರಲಿಲ್ಲ, ಬಿಡುತ್ತಲೂ ಇರಲಿಲ್ಲ. ಸುಮ್ಮನೆ ಬಾಚುತ್ತಿದ್ದಳು.

“ಎಲ್ಲಾ ಚಲೋ ಆತ್ರಿ ಅಕ್ಕಾರ,” ಎಂದು ಸಬೀನಾ ಭುಜ ಮುಟ್ಟಿ ಎಬ್ಬಿಸಿದಳು.

ಸಂಜೆಯ ಹೊತ್ತಿಗೆ ಯಂಕಪ್ಪ ವಾರ್ಡಿನ ಮಂಚದ ಮೇಲಿದ್ದ. ಇಂಜೆಕ್ಷನ್ನಿನ ಮಂಪರು ಇನ್ನೂ ಇಳಿದಿರಲಿಲ್ಲ. ಕಣ್ಣು ಮುಚ್ಚಿತ್ತು, ಕೈ ಮಾತ್ರ ನಡುವಿನ ಸುತ್ತ ಏನನ್ನೋ ಹುಡುಕುತ್ತಿತ್ತು.

“ಹಾಕಿಬಿಡ್ರಿ,” ಎಂದಳು ಸಬೀನಾ. “ಆದ್ರ ಸಡಲ ಬಿಡಬ್ಯಾಡ್ರಿ, ಗಾಯದ ಮ್ಯಾಲ ಜಾರತೈತಿ.”

ಇಬ್ಬರೂ ಸೇರಿ ಅವನನ್ನು ತುಸು ಎತ್ತಿ ಉಡದಾರವನ್ನು ನಡುವಿಗೆ ಏರಿಸಿದರು. ವನಿತಾ ಅವ್ವನ ಗಂಟನ್ನು ಮುಟ್ಟಲಿಲ್ಲ. ಸಡಿಲಾದಷ್ಟನ್ನು ಹಿಡಿದು, ಅದರ ಮಗ್ಗುಲಿಗೇ ತನ್ನದೊಂದು ಗಂಟು ಹಾಕಿ ಬಿಗಿದಳು. ಬಿಗಿಯುವಾಗ ತನಗೇ ತಿಳಿಯದೆ ಅವ್ವನ ಮಾತು ಬಾಯಿಗೆ ಬಂತು.

“ಬಿಗಿ ಆತೇನ್ರಿ?”

ಯಂಕಪ್ಪನ ಹುಬ್ಬು ಒಂದು ಕ್ಷಣ ಗಂಟಿಕ್ಕಿತು. ಆಮೇಲೆ ಕಣ್ಣು ತೆರೆಯದೆಯೇ, ಮೀಸೆಯ ಅಡಿಯಲ್ಲಿ ನಕ್ಕ.

“ಆತಾತು ತಿಪ್ಪೂ, ಚುಚ್ಚಬ್ಯಾಡ… ಉಣತೀನಿ.”