ಪರೀಕ್ಷೆ ಮುಗಿದ ಮೇಲೆ ಬಂದವಳು

ಕಿಟಕಿಯ ಬಳಿ ಒಂದು ಬೆತ್ತದ ಕುರ್ಚಿ. ಅದರ ತೋಳಿನ ಮೇಲೆ ಮಧ್ಯಾಹ್ನದ ಬಿಸಿಲು, ಯಾರೋ ಮರೆತುಹೋದ ಹೊದಿಕೆಯಂತೆ ಬಿದ್ದಿದೆ. ಕುರ್ಚಿಯಲ್ಲಿ ಬೋರಲು ಮಲಗಿದ ಕವನ ಸಂಕಲನ, ಬೆನ್ನು ಬಿರಿದಿದೆ. ಎಡಕ್ಕೊಂದು ಕಬ್ಬಿಣದ ಮಂಚ, ಬಲಕ್ಕೊಂದು. ಎಡಮಂಚದ ಮುದುಕ ಕುರ್ಚಿಯನ್ನೇ ನೋಡುತ್ತಿದ್ದಾನೆ. ಕೋಣೆಯಲ್ಲಿ ಕದಲುತ್ತಿರುವುದು ಧೂಳಿನ ಕಣಗಳು ಮಾತ್ರ.

“ಬರಲ್ಲ ಬಿಡಯ್ಯ,” ಎಂದ ಬಲಮಂಚದ ಹಳೆಯ ಬಸ್ ಕಂಡಕ್ಟರ್. “ಪರೀಕ್ಷೆ ಮುಗೀತು. ಅವಳ ಸ್ಟಾಪ್ ಬಂತು, ಇಳ್ಕೊಂಡ್ಲು. ಇಳಿದವರು ತಿರುಗಿ ಬಸ್ಸಿಗೆ ಕೈ ಬೀಸಿದ್ದನ್ನ ನಾನಂತೂ ನೋಡಿಲ್ಲ.”

“ಬರ್ತಾಳೆ.” ನಾಳೆ ಬೆಳಗಾಗುತ್ತದೆ ಎನ್ನುವವನ ನಿಶ್ಚಿಂತೆ ಆ ದನಿಯಲ್ಲಿತ್ತು.

ಮುದುಕನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಮುದ್ರಣಾಲಯದಲ್ಲಿ ಅನ್ಯರ ಕವಿತೆಗಳ ಕರಡು ತಿದ್ದುವುದರಲ್ಲೇ ಆಯುಷ್ಯ ಸವೆದಿತ್ತು. ಈಗ ಮನುಷ್ಯರು ಕಾಣುತ್ತಿದ್ದರು, ಅಕ್ಷರಗಳು ಕಾಣುತ್ತಿರಲಿಲ್ಲ. ತನಗಾಗಿಯೇ ಯಾರಾದರೊಬ್ಬರು ಆ ಬಾಗಿಲು ತೆರೆದು ಒಳಬರಬೇಕು; ಉಳಿದ ಆಸೆ ಅದೊಂದೇ.

ವೃದ್ಧಾಶ್ರಮಕ್ಕೆ ವಿಶ್ವವಿದ್ಯಾಲಯದ ಮಕ್ಕಳು ಬರುವುದು ವಾಡಿಕೆಯಾಗಿತ್ತು. ‘ಸುಸ್ಥಿರತೆ ಮತ್ತು ಸಾಮಾಜಿಕ ಹೊಣೆ’ ಎಂಬ ವಿಷಯದಲ್ಲಿ ತೇರ್ಗಡೆಯಾಗದೆ ಪದವಿಯಿಲ್ಲ. ಕೆಲವರು ಅಡುಗೆಮನೆಯ ಕಸದಿಂದ ಗೊಬ್ಬರ ಮಾಡಿದರು, ಕೆಲವರು ಸಸಿ ನೆಟ್ಟರು, ಕೆಲವರು ಮುದುಕರ ಪಕ್ಕ ಕುಳಿತರು. ಕೊನೆಗೆ ಅವರ ಮೇಡಂ ಬಂದು ಮುದುಕರನ್ನು ಒಬ್ಬೊಬ್ಬರನ್ನಾಗಿ ಅಂಗಳಕ್ಕೆ ಕರೆದು ವಿಚಾರಿಸಿಕೊಂಡು ಹೋಗುತ್ತಿದ್ದರು. ಪರೀಕ್ಷೆ ಮುಗಿದೊಡನೆ ಗೊಬ್ಬರದ ಗುಂಡಿ ನೊಣಗಳ ಪಾಲಾಗುತ್ತಿತ್ತು, ಸಸಿಗಳು ಒಣಗುತ್ತಿದ್ದವು, ಮುದುಕರು ಗೋಡೆಗೆ ಮುಖ ತಿರುಗಿಸುತ್ತಿದ್ದರು.

ಈ ಹುಡುಗಿ ಬೇರೆ ಎಂದು ಅವನಿಗೆ ಅನ್ನಿಸಿತ್ತು. ಕವಿತೆ ಓದುತ್ತ ಎಡವಿದಾಗ ಮುಖವೆಲ್ಲ ಅರಳಿ ನಗುತ್ತಿದ್ದಳು. ಜೊಂಡುಹುಲ್ಲು ಬೆಳೆಸಿ ಕೊಳೆತ ಕೆರೆಗಳನ್ನು ತಿಳಿಗೊಳಿಸುವ ವಿದ್ಯೆ ಅವಳದು. ದೂರದ ಊರಿನ ಕೆರೆಯೊಂದರಲ್ಲಿ ಕೆಲಸ ಕಾದಿತ್ತು. ಪದವಿ ಕೈಗೆ ಬಂದರಾಯಿತು. ಹೊರಡುವ ದಿನ ಅವನ ಕೈ ಹಿಡಿದು, “ರಜ ಸಿಕ್ಕಾಗಲೆಲ್ಲ ಬರ್ತೀನಿ ತಾತ,” ಎಂದಿದ್ದಳು. ಆ ಮಾತನ್ನು ಮುದುಕ ಹಲವರ ಬಾಯಲ್ಲಿ ಕೇಳಿದ್ದ.

ಬಾಗಿಲು ಸರಿಯಿತು. ಅವಳೇ.

ಕಂಡಕ್ಟರ್ ದಡಬಡಿಸಿ ಎದ್ದು ಕುಳಿತ. “ಏನಮ್ಮಾ ಇದು! ರಜದಲ್ಲೂ ಬಂದ್ಯಾ? ಆ ಕೆರೆ ಕೆಲಸ ಏನಾಯ್ತು?”

“ಬೇರೆಯವರಿಗೆ ಹೋಯ್ತು.”

“ಈ ಮುದುಕನಿಗೋಸ್ಕರ ಬಿಟ್ಯಾ?”

ಹುಡುಗಿ ಕುರ್ಚಿಯ ಧೂಳು ಒರೆಸಿದಳು. “ಬಂದಿರೋದಂತೂ ತಾತನಿಗೋಸ್ಕರಾನೇ,” ಎಂದು ಪುಸ್ತಕ ತೆರೆದಳು.

ರಜೆಯುದ್ದಕ್ಕೂ ಬಂದಳು. ಈಗ ಒಂದಕ್ಷರವೂ ಎಡವುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಮುದುಕ ತಲೆ ಬಾಚಿಸಿಕೊಂಡ, ಉಗುರು ತೆಗೆಸಿಕೊಂಡ. ಹಾಲು ಆರಿದೆಯೆಂದು ಗದರಿದಾಗ ಮತ್ತೆ ಬಿಸಿ ಮಾಡಿ ತಂದಳು.

“ಹೆತ್ತ ಮಗಳೂ ಇಷ್ಟು ತಡ್ಕೊಳಲ್ಲ ಕಣಯ್ಯ,” ಎಂದ ಕಂಡಕ್ಟರ್. “ನನ್ನ ಪಾಲಿಗೆ ಬಂದಿದ್ದವನು ನನ್ನ ಹೆಸರೂ ಮರೆತಿರ್ತಾನೆ. ಪುಣ್ಯವಂತ ನೀನು.” ಹೇಳಿ ಗೋಡೆಗೆ ತಿರುಗಿದ. ಅವನ ಬೆನ್ನು ಬಹಳ ಹೊತ್ತು ನಡುಗುತ್ತಿತ್ತು. ಮುದುಕ ಅದನ್ನು ಇಷ್ಟಪಟ್ಟು ನೋಡಿದ.

ರಜೆಯ ಕೊನೆಗೆ ಮೇಡಂ ಬಂದರು. ಮಂಡಿನೋವು, ಅಂಗಳಕ್ಕೆ ಬರಲಾರೆ ಎಂದ ಮುದುಕ. ಮೇಡಂ ಮಂಚದ ಬಳಿಗೇ ಬಂದರು. ಹುಡುಗಿ ಪುಸ್ತಕ ಮುಚ್ಚಿಟ್ಟು, ಮುದುಕನ ಹೊದಿಕೆ ಸರಿಪಡಿಸಿ, ಪಡಸಾಲೆಯಲ್ಲಿ ಕಾಯಲು ಹೋದಳು.

ಕಂಡಕ್ಟರ್ ತಡೆಯಲಾರದೆ ಹೇಳಿದ: “ಮೇಡಂ, ಚಿನ್ನದಂಥ ಮಗು. ಇಂಥೋಳನ್ನ ನಾನು ಕಂಡೇ ಇಲ್ಲ.”

“ಅವಳು ಇವರ ಪಾಲಿನವಳು. ಇವರ ಮಾತೇ ನಮಗೆ ಮುಖ್ಯ.” ಮೇಡಂ ಎಡಮಂಚದತ್ತ ಬಾಗಿದರು. “ನೀವೇನಂತೀರಿ?”

ಮುದುಕ ಕಣ್ಣು ಮುಚ್ಚಿದ. ಪಡಸಾಲೆಯಲ್ಲಿ ಅವಳು ಅತ್ತಿಂದಿತ್ತ ನಡೆಯುವ ಸದ್ದು, ಪ್ರಿಯವಾದ ಛಂದಸ್ಸಿನಂತೆ ಕೇಳುತ್ತಿತ್ತು.

“ಓದೋದು ಚೆನ್ನಾಗೇ ಓದ್ತಾಳೆ. ಕರುಣೆ ಅನ್ನೋದು ಮಾತ್ರ ಇನ್ನೂ ಬಂದಿಲ್ಲ ಮೇಡಂ. ಹೋದ ಸಲದ ಹಾಗೇ, ಈ ಸಲಾನೂ ಫೇಲ್ ಮಾಡಿ.”

ಅದನ್ನು ಅವಳಿಗೆ ತಿಳಿಸಲು ಮೇಡಂ ಹೊರನಡೆದರು. ಅವರ ಬೆನ್ನಿಗೇ ಬಾಗಿಲು ಮುಚ್ಚಿಕೊಂಡಿತು.